ಮಿಂಕ್ ಇಲ್ಲದ ಮಿಂಕ್ ಹೊದಿಕೆ, ಕೇಳುವವರಿಲ್ಲದ ಕಂಬಳಿ

ನಲ್ಲೂರು (ಚನ್ನಗಿರಿ ತಾಲ್ಲೂಕು): ಚಳಿ ಕಾಲಿಡುತ್ತಿದ್ದಂತೆಯೇ ದಾವಣಗೆರೆ ಜಿಲ್ಲೆಯ ಪೇಟೆಗಳ ರಸ್ತೆ ಬದಿಯಲ್ಲಿ ದೊಡ್ಡ ದೊಡ್ಡ ಹೂವಿನ ಚಿತ್ತಾರವುಳ್ಳ ದಪ್ಪ ಹೊದಿಕೆಗಳ ರಾಶಿ ಬೀಳುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟ ಈ ಹೊದಿಕೆಗೆ ವ್ಯಾಪಾರಿಗಳು ಕೊಟ್ಟಿರುವ ಹೆಸರು ‘ಮಿಂಕ್ ಬ್ಲಾಂಕೆಟ್’. ಕೊಳ್ಳುವವರು ಮೃದುವಾಗಿದೆಯೇ, ಬೆಚ್ಚಗಿದೆಯೇ ಎಂದು ಸವರಿ ನೋಡುತ್ತಾರೆ, ಚೌಕಾಸಿ ಮಾಡುತ್ತಾರೆ, ಮನೆಗೆ ಒಯ್ಯುತ್ತಾರೆ. ಮಿಂಕ್ ಎಂದರೇನೆಂದು ಯಾರೂ ಕೇಳುವುದಿಲ್ಲ. ಕೇಳಬೇಕಾದ ಅಗತ್ಯವೂ ಇಲ್ಲವೆನ್ನಿ. ಬಹುಪಾಲು ಹರಿಯಾಣದ ಪಾಣಿಪತ್ ಕಡೆಯಿಂದ ಬರುವ ಈ ಹೊದಿಕೆ ಶುದ್ಧ ಪಾಲಿಯೆಸ್ಟರ್. ಅದರಲ್ಲಿ ಪ್ರಾಣಿಯ ಒಂದು ಕೂದಲೂ ಇರುವುದಿಲ್ಲ.

ಆದರೆ ಮಿಂಕ್ ಎಂಬ ಪ್ರಾಣಿ ಇರುವುದು ನಿಜ. ಹೊನ್ನಾಳಿಯನ್ನು ಹಾದು ಹರಿಯುವ ತುಂಗಭದ್ರೆಯ ಕೆಳಹರಿವಿನಲ್ಲಿ ನೀರುನಾಯಿಗಳಿಗಾಗಿ ರಾಜ್ಯ ಸರ್ಕಾರ 2015ರಲ್ಲಿ ಸಂರಕ್ಷಿತ ಪ್ರದೇಶವನ್ನು ಘೋಷಿಸಿತಷ್ಟೆ, ಆ ನೀರುನಾಯಿಯ ಕುಲಕ್ಕೇ ಸೇರಿದ ಸಣ್ಣ ಮಾಂಸಾಹಾರಿ ಇದು. ಕಾಡಿನಲ್ಲಿ ಒಂಟಿಯಾಗಿ, ನೀರಿನ ಆಸುಪಾಸಿನಲ್ಲಿ ಬದುಕುವ ಈ ಜೀವಿಯನ್ನು ಐರೋಪ್ಯ ದೇಶಗಳಲ್ಲಿ, ಚೀನಾ ಮತ್ತು ಅಮೆರಿಕಗಳಲ್ಲಿ ಸಾಲು ಸಾಲು ತಂತಿ ಪಂಜರಗಳಲ್ಲಿ ಕೂಡಿಟ್ಟು, ತುಪ್ಪಳ ಬಲಿತ ಕೂಡಲೇ ವಿಷಾನಿಲದಿಂದ ಕೊಂದು ಚರ್ಮ ಸುಲಿಯುವ ಉದ್ಯಮ ನೂರು ವರ್ಷಕ್ಕೂ ಮಿಕ್ಕಿ ಬೆಳೆದುಬಂತು. 2020ರ ನವೆಂಬರ್‌ನಲ್ಲಿ, ಕೋವಿಡ್ ವೈರಾಣು ಮಿಂಕ್‌ಗಳಲ್ಲಿ ರೂಪಾಂತರಗೊಂಡು ಮನುಷ್ಯರಿಗೆ ಮರಳುತ್ತಿದೆ ಎಂಬ ಕಾರಣಕ್ಕೆ ಡೆನ್ಮಾರ್ಕ್ ಸರ್ಕಾರ ದೇಶದಲ್ಲಿದ್ದ ಅಷ್ಟೂ ಮಿಂಕ್‌ಗಳನ್ನು ಕೊಲ್ಲಲು ಆಜ್ಞಾಪಿಸಿತು. ಅವುಗಳ ಸಂಖ್ಯೆ ಒಂದೂವರೆ ಕೋಟಿಗೂ ಹೆಚ್ಚು. ಆತುರದಲ್ಲಿ ಹೂತ ಕಳೇಬರಗಳು ಉಬ್ಬಿ ಮಣ್ಣಿನ ಮೇಲೆದ್ದ ಚಿತ್ರಗಳನ್ನು ಆಗ ಜಗತ್ತೇ ಕಂಡಿತು.

ಆ ವೇಳೆಗಾಗಲೇ ತುಪ್ಪಳದ ಉಡುಪಿನ ಕಾಲ ಇಳಿಮುಖವಾಗಿತ್ತು. 2017ರಲ್ಲಿ ಗುಚಿ ಸಂಸ್ಥೆ ತುಪ್ಪಳವನ್ನು ಕೈಬಿಡುವುದಾಗಿ ಪ್ರಕಟಿಸಿತು. 2019ರಲ್ಲಿ ಪ್ರಾಡಾ ಅದೇ ಹಾದಿ ಹಿಡಿಯಿತು. ಬ್ರಿಟನ್ನಿನ ರಾಣಿ ಎರಡನೇ ಎಲಿಜಬೆತ್ ತಮಗಾಗಿ ಹೊಸದಾಗಿ ಹೊಲಿಯುವ ಉಡುಪುಗಳಲ್ಲಿ ನಿಜವಾದ ತುಪ್ಪಳ ಬೇಡವೆಂದದ್ದೂ ಅದೇ ವರ್ಷ. 2021ರಲ್ಲಿ ಇಸ್ರೇಲ್ ಉಡುಪಿಗಾಗಿ ತುಪ್ಪಳ ಮಾರುವುದನ್ನೇ ನಿಷೇಧಿಸಿತು. ಭಾರತವೂ ಹಿಂದೆ ಬೀಳಲಿಲ್ಲ. 2017ರ ಜನವರಿಯಲ್ಲಿಯೇ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವು ಮಿಂಕ್, ನರಿ ಮತ್ತು ಚಿಂಚಿಲಾಗಳ ತುಪ್ಪಳ ಹಾಗೂ ಚರ್ಮದ ಆಮದಿಗೆ ತಡೆಯೊಡ್ಡಿತು.

ಈ ನಿಷೇಧದಿಂದ ಕರ್ನಾಟಕದಲ್ಲಿ ಯಾರಿಗೂ ನಷ್ಟವಾಗಲಿಲ್ಲ. ಪ್ರತಿಭಟನೆ ನಡೆಯಲಿಲ್ಲ, ಅಂಗಡಿ ಮುಚ್ಚಲಿಲ್ಲ. ನಾವು ತೊಡದೇ ಇದ್ದ ಬಟ್ಟೆಯನ್ನು ನಾವು ತ್ಯಜಿಸಿದೆವು, ಅಷ್ಟೆ. ಪ್ರಾಣಿಯನ್ನು ಮೈಮೇಲೆ ಧರಿಸುವ ಪ್ರಶ್ನೆ ನಮ್ಮಲ್ಲಿ ನಿಜಕ್ಕೂ ಎಲ್ಲಿ ಕುಟುಕುತ್ತದೆ ಎಂಬುದನ್ನು ಬೇರೆ ಕಡೆ ಹುಡುಕಬೇಕು.

ನಮ್ಮ ತುಪ್ಪಳ

ಅದು ಥಟ್ಟನೆ ಬಯಲಿಗೆ ಬಂದದ್ದು 2023ರ ಅಕ್ಟೋಬರ್‌ನಲ್ಲಿ. ಖಾಸಗಿ ವಾಹಿನಿಯೊಂದರ ರಿಯಾಲಿಟಿ ಷೋ ಸ್ಪರ್ಧಿಯೊಬ್ಬರು ಕೊರಳಲ್ಲಿ ಹುಲಿ ಉಗುರಿನ ಪದಕ ಧರಿಸಿದ್ದಾರೆಂಬ ದೂರಿನ ಮೇಲೆ ಅರಣ್ಯ ಇಲಾಖೆ, ಕಾರ್ಯಕ್ರಮ ನಡೆಯುತ್ತಿದ್ದ ತಾಣದಿಂದಲೇ ಅವರನ್ನು ಬಂಧಿಸಿತು. ಮುಂದಿನ ಒಂದು ವಾರ ರಾಜ್ಯಕ್ಕೆ ಬೇರೆ ಮಾತೇ ಇರಲಿಲ್ಲ. ಚಿತ್ರನಟರು, ರಾಜಕಾರಣಿಗಳು, ಅರ್ಚಕರು ಹೀಗೆ ಯಾರ ಯಾರ ಹಳೆಯ ಛಾಯಾಚಿತ್ರಗಳಲ್ಲಿ ಕೊರಳು ಕಾಣಿಸಿತೋ ಅವರೆಲ್ಲರ ಮೇಲೂ ದೂರುಗಳು ಬಂದವು. ಮಠಗಳ ಗದ್ದುಗೆಯ ಮೇಲೆ ಹಾಸಿದ ಚರ್ಮಾಸನಗಳತ್ತಲೂ ಜನ ಬೆರಳು ತೋರಿಸಿದರು.

ವನ್ಯಜೀವಿ ಸಂರಕ್ಷಣಾ ಕಾಯ್ದೆ ಜಾರಿಗೆ ಬಂದದ್ದು 1972ರಲ್ಲಿ. ಅದರ 39ನೇ ಕಲಮಿನ ಪ್ರಕಾರ ಸತ್ತ ಹುಲಿಯ ಉಗುರೂ ಸರ್ಕಾರದ ಸ್ವತ್ತು. ಒಂದನೇ ಅನುಸೂಚಿಯ ಪ್ರಾಣಿಯಾದ್ದರಿಂದ ಅಪರಾಧ ಸಾಬೀತಾದರೆ ಮೂರರಿಂದ ಏಳು ವರ್ಷ ಸೆರೆವಾಸ. ಹೀಗಿದ್ದೂ ಅರ್ಧ ಶತಮಾನದ ಕಾಲ ಹುಲಿ ಉಗುರು ನಮ್ಮ ಮದುವೆ, ಜಾತ್ರೆ, ರಾಜಕೀಯ ವೇದಿಕೆಗಳಲ್ಲಿ ಎಲ್ಲರ ಕಣ್ಣೆದುರೇ ಚಿನ್ನದ ಕಟ್ಟಿನಲ್ಲಿ ಹೊಳೆಯುತ್ತಿತ್ತು. ಅಜ್ಜನ ಕಾಲದ್ದು ಎಂಬುದು ಸಾಮಾನ್ಯ ಸಮಜಾಯಿಷಿ. ಒಂದು ಹುಲಿಗೆ ಇರುವುದು ಹದಿನೆಂಟು ಉಗುರು. ರಾಜ್ಯದಲ್ಲಿ 2022ರ ಗಣತಿಯಂತೆ ಇರುವ ಹುಲಿಗಳು 563. ಇಷ್ಟೊಂದು ಅಜ್ಜಂದಿರಿಗೆ ಇಷ್ಟೊಂದು ಉಗುರು ಎಲ್ಲಿಂದ ದೊರೆಯಿತೆಂದು ಲೆಕ್ಕ ಹಾಕಿದವರು ಕಡಿಮೆ.

ಇನ್ನು ಕೃಷ್ಣಾಜಿನದ ಮಾತು. ಉಪನಯನದಲ್ಲಿ ವಟುವಿನ ಜನಿವಾರಕ್ಕೆ ಕಟ್ಟುವ ಚರ್ಮದ ತುಣುಕು ಶಾಸ್ತ್ರದ ಪ್ರಕಾರ ಕೃಷ್ಣಮೃಗದ್ದಾಗಿರಬೇಕು. ಅದೇ ಕೃಷ್ಣಮೃಗಕ್ಕಾಗಿ ಹೊನ್ನಾಳಿಯ ನೆರೆಯ ರಾಣೆಬೆನ್ನೂರಿನಲ್ಲಿ 1974ರಿಂದ ಅಭಯಾರಣ್ಯವಿದೆ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿಗಾಗಿ 2011ರಲ್ಲಿ ಇನ್ನೊಂದು ಅಭಯಾರಣ್ಯ ಘೋಷಣೆಯಾಯಿತು. ಗಂಡು ಕೊಂಡುಕುರಿಯ ನಾಲ್ಕು ಕೊಂಬಿನ ತಲೆ ಒಂದು ಕಾಲದ ಬೇಟೆಗಾರರಿಗೆ ಗೋಡೆಯ ಅಲಂಕಾರವಾಗಿತ್ತು. ಪ್ಯಾರಿಸ್ಸಿನ ಮಿಂಕ್ ಕೋಟಿಗೂ ಇವಕ್ಕೂ ತಾತ್ವಿಕವಾಗಿ ಏನು ವ್ಯತ್ಯಾಸ? ನಮ್ಮದು ಪ್ರಮಾಣದಲ್ಲಿ ಚಿಕ್ಕದು. ದೇವರ, ಮನೆತನದ ಹೆಸರಿರುವುದರಿಂದ ಪ್ರಶ್ನಿಸಲು ಕಷ್ಟವಾದದ್ದು.

2024ರ ಆರಂಭದಲ್ಲಿ ರಾಜ್ಯ ಸರ್ಕಾರ, ಮನೆಗಳಲ್ಲಿರುವ ವನ್ಯಜೀವಿ ಅಂಗಾಂಗಗಳನ್ನು ಮರಳಿಸಲು ಗಡುವು ನೀಡಿತು. ಕೆಲವರು ಒಪ್ಪಿಸಿದರು. ವಿಷಯ ಹೈಕೋರ್ಟ್ ಮೆಟ್ಟಿಲನ್ನೂ ಏರಿತು. ಕ್ರಮೇಣ ಸದ್ದು ಅಡಗಿತು. ಅದೇ ಅವಧಿಯಲ್ಲಿ ತಮ್ಮ ಪದಕ ಅಸಲಿಯಲ್ಲ, ಪ್ಲಾಸ್ಟಿಕ್ಕಿನದು ಎಂದು ಹೇಳಿಕೊಂಡ ಗಣ್ಯರೂ ಇದ್ದರು. ಕಾನೂನಿನ ಕಣ್ಣಿಗೆ ಈ ಉತ್ತರ ಸಾಕು.

ಕನ್ನಡ ಸಾಹಿತ್ಯದ ಕಣ್ಣಿಗೆ ಸಾಕೇ ಎಂಬುದು ಬೇರೆ ಪ್ರಶ್ನೆ. ಹೊಯ್ಸಳರ ಆಸ್ಥಾನಕವಿ ಜನ್ನ 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯ ಕೇಂದ್ರದಲ್ಲಿರುವುದೇ ಒಂದು ನಕಲಿ ಪ್ರಾಣಿ. ಜೀವಹಿಂಸೆ ಬೇಡವೆಂದು ಯಶೋಧರನು ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಕೊಯ್ದದ್ದು ಹಿಟ್ಟನ್ನಾದರೂ ಕೊಲ್ಲುವ ಸಂಕಲ್ಪ ನಿಜವಾದದ್ದು ಎಂಬ ಕಾರಣಕ್ಕೆ ತಾಯಿ, ಮಗ ಇಬ್ಬರೂ ಹಲವು ಜನ್ಮ ಪ್ರಾಣಿಗಳಾಗಿ ಹುಟ್ಟಿ ನರಳುತ್ತಾರೆ. ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ ನಾಟಕದಲ್ಲಿ ಇದೇ ವಸ್ತುವನ್ನು ಮತ್ತೆ ಕೈಗೆತ್ತಿಕೊಂಡರು. ಪ್ಲಾಸ್ಟಿಕ್ ಉಗುರನ್ನು ಚಿನ್ನದಲ್ಲಿ ಕಟ್ಟಿಸಿ ತೊಡುವವನು ಬಯಸುವುದು ಹುಲಿ ಕೊಂದವನ ಗತ್ತನ್ನೇ ಅಲ್ಲವೇ? ಜನ್ನನ ನ್ಯಾಯಾಲಯದಲ್ಲಿ ಅವನ ಜಾಮೀನು ಅರ್ಜಿ ತಿರಸ್ಕೃತವಾಗುವುದು ಖಚಿತ.

ಬೆಳ್ಳಕ್ಕಿಯನ್ನು ಉಳಿಸಿದ ಕರಪತ್ರ

ಬರೆದರೆ ಪ್ರಾಣಿಗೇನು ಲಾಭ ಎಂದು ಕೇಳುವವರಿಗೆ ನಲ್ಲೂರಿನ ತಾಲ್ಲೂಕಿನಲ್ಲಿಯೇ ಉತ್ತರವಿದೆ. ಭದ್ರಾ ನಾಲೆಯ ಗದ್ದೆಗಳಲ್ಲಿ, ಸೂಳೆಕೆರೆ ಎಂದು ಜನ ಕರೆಯುವ ಶಾಂತಿಸಾಗರದ ಅಂಚಿನಲ್ಲಿ ಉಳುಮೆಯ ಹಿಂದೆ ನಡೆಯುವ ಬೆಳ್ಳಕ್ಕಿಗಳನ್ನು ನೋಡದವರಿಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಗೆ ಈ ಜಾತಿಯ ಹಕ್ಕಿಗಳ ಗರಿ ಲಂಡನ್ ಮತ್ತು ನ್ಯೂಯಾರ್ಕ್‌ಗಳಲ್ಲಿ ಮಹಿಳೆಯರ ಟೋಪಿಗಳಿಗಾಗಿ ಚಿನ್ನದ ತೂಕಕ್ಕಿಂತ ದುಬಾರಿಯಾಗಿ ಮಾರಾಟವಾಗುತ್ತಿತ್ತು. ಆ ಗರಿ ಮೂಡುವುದು ಮರಿ ಮಾಡುವ ಕಾಲದಲ್ಲಿ ಮಾತ್ರ. ತಾಯಿ ಹಕ್ಕಿಯನ್ನು ಕೊಂದರೆ ಗೂಡಿನ ಮರಿಗಳೂ ಹಸಿವಿನಿಂದ ಸಾಯುತ್ತಿದ್ದವು. 1889ರಲ್ಲಿ ಇಂಗ್ಲೆಂಡಿನ ಕೆಲವು ಗೃಹಿಣಿಯರು ಗರಿ ತೊಡುವುದಿಲ್ಲವೆಂದು ಪಣ ತೊಟ್ಟು ಸಂಘ ಕಟ್ಟಿದರು. ಅವರ ಬಳಿ ಇದ್ದ ಅಸ್ತ್ರ ಪತ್ರ ಮತ್ತು ಕರಪತ್ರ. ಡಬ್ಲ್ಯೂ.ಎಚ್. ಹಡ್ಸನ್‌ನಂತಹ ಲೇಖಕ ಬೆಳ್ಳಕ್ಕಿಗಳ ಪಾಡನ್ನು ಅವರಿಗಾಗಿ ಬರೆದುಕೊಟ್ಟ. 1902ರಲ್ಲಿ ಬ್ರಿಟಿಷ್ ಭಾರತ ಸರ್ಕಾರ ಹಕ್ಕಿಗಳ ಗರಿ ಹಾಗೂ ಚರ್ಮದ ರಫ್ತನ್ನು ನಿಷೇಧಿಸಿತು. 1921ರಲ್ಲಿ ಬ್ರಿಟನ್ ಆಮದನ್ನೇ ನಿಷೇಧಿಸಿತು. ಮೂವತ್ತೆರಡು ವರ್ಷ ಹಿಡಿಯಿತು.

ಶಾಹತೂಷ್ ಶಾಲಿನ ಕಥೆಯೂ ಹೀಗೆಯೇ. ಟಿಬೆಟ್ಟಿನ ಚಿರು ಎಂಬ ಮೃಗ ಪೊದೆಗಳಿಗೆ ಮೈ ಉಜ್ಜಿದಾಗ ಉದುರಿದ ನವಿರನ್ನು ಆಯ್ದು ನೇಯುತ್ತಾರೆ ಎಂಬ ಸುಂದರ ಸುಳ್ಳನ್ನು ವ್ಯಾಪಾರಿಗಳು ಹೇಳುತ್ತಿದ್ದರು, ಶ್ರೀಮಂತರು ನಂಬುತ್ತಿದ್ದರು. ಒಂದು ಶಾಲಿಗೆ ಮೂರು ನಾಲ್ಕು ಚಿರುಗಳನ್ನು ಕೊಲ್ಲಲಾಗುತ್ತಿದೆ ಎಂಬ ಸಂಗತಿ ಜಗತ್ತಿಗೆ ಮನದಟ್ಟಾದುದು ಜಾರ್ಜ್ ಶಾಲರ್‌ರಂತಹ ವನ್ಯಜೀವಿ ತಜ್ಞರು ಅಲ್ಲಿಗೆ ಹೋಗಿ, ಕಂಡು, ಬರೆದ ಮೇಲೆ.

ಕನ್ನಡದಲ್ಲಿ ಪ್ರಾಣಿಗಳ ಪರ ಬರವಣಿಗೆಗೆ ಕೊರತೆಯಿಲ್ಲ. ಜನಪದರ ‘ಗೋವಿನ ಹಾಡು’ ಪ್ರತಿಯೊಂದು ಮನೆಯಲ್ಲೂ ಇದೆ. ಅದರಲ್ಲಿ ನಾಚಿ ಪ್ರಾಣ ಬಿಟ್ಟದ್ದು ಹುಲಿ. ಅದರ ಉಗುರನ್ನು ಕೊರಳಿಗೆ ಕಟ್ಟಿಕೊಂಡು ನಾಚದೇ ಉಳಿದವರು ನಾವು. ಬಂದೂಕು ಹಿಡಿದು ಕಾಡು ಸುತ್ತಿದ್ದ ಪೂರ್ಣಚಂದ್ರ ತೇಜಸ್ವಿಯವರು ಮುಂದೆ ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಹೋದರು. ‘ಪರಿಸರದ ಕತೆ’ ಓದಿ ಬೆಳೆದ ಒಂದು ಪೀಳಿಗೆಗೆ ಶಿಕಾರಿಯ ಹುಚ್ಚು ತಾನಾಗಿ ಬಿಟ್ಟುಹೋಯಿತು. ಆದರೆ ಬಲಿಯ ಬಗ್ಗೆ, ಬೇಟೆಯ ಬಗ್ಗೆ, ಊಟದ ಬಗ್ಗೆ ಇಷ್ಟೊಂದು ಬರೆದ ಕನ್ನಡ, ಉಡುಗೆ ತೊಡುಗೆಯ ಬಗ್ಗೆ ಹೆಚ್ಚಾಗಿ ಮೌನ.

ಇಲ್ಲೊಂದು ಎಚ್ಚರಿಕೆಯೂ ಬೇಕು. 2023ರ ಏಪ್ರಿಲ್‌ನಲ್ಲಿ ಇದೇ ಚನ್ನಗಿರಿ ತಾಲ್ಲೂಕಿನಲ್ಲಿ ಕಾಡಾನೆ ದಾಳಿಗೆ ಬಾಲಕಿಯೊಬ್ಬಳು ಬಲಿಯಾದಳು. ಆನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಅರಣ್ಯ ಇಲಾಖೆಯ ಪಶುವೈದ್ಯರು ತೀವ್ರವಾಗಿ ಗಾಯಗೊಂಡರು. ಬೆಂಗಳೂರಿನಲ್ಲಿ ಕುಳಿತು ಪ್ರಾಣಿದಯೆಯನ್ನು ಬೋಧಿಸುವ ಬರವಣಿಗೆ ಈ ಭಾಗದಲ್ಲಿ ಓದಿಸಿಕೊಳ್ಳಬೇಕಾದರೆ, ಆ ಮನೆಯ ದುಃಖವನ್ನೂ ಅರಿತಿರಬೇಕು.

ಕಂಬಳಿಗೆ ಬಿದ್ದ ಏಟು

ಪ್ರಾಣಿಯಿಂದ ಬಂದದ್ದೆಲ್ಲವೂ ಬೇಡ ಎಂಬ ಘೋಷಣೆ ಕೇಳಲು ಸರಳ. ಅದರ ಏಟು ಬೀಳುವುದು ಮಾತ್ರ ಜಗಳೂರು, ಚಳ್ಳಕೆರೆ ಸೀಮೆಯ ಕುರಿಗಾಹಿಯ ಮೇಲೆ. ತುಪ್ಪಳಕ್ಕೆ ಪ್ರಾಣಿ ಸಾಯಬೇಕು. ಉಣ್ಣೆಗೆ ಕುರಿ ಬದುಕಿರಬೇಕು, ಮುಂದಿನ ವರ್ಷವೂ ಬದುಕಿರಬೇಕು. ಕಪ್ಪು ಉಣ್ಣೆಯನ್ನು ಕತ್ತರಿಸಿ, ಹಿಂಜಿ, ನೂತು, ಹುಣಸೆ ಬೀಜದ ಗಂಜಿ ಹಾಕಿ, ಕುಣಿಮಗ್ಗದಲ್ಲಿ ನೇಯುವ ಕಂಬಳಿ ಮಳೆಗೆ ಕೊಪ್ಪೆ, ಚಳಿಗೆ ಹೊದಿಕೆ, ಮದುವೆಯಲ್ಲಿ ಗದ್ದುಗೆ. ಬೇಸಿಗೆಯಲ್ಲಿ ಮೇವು ಹುಡುಕಿ ನೀರಾವರಿ ಸೀಮೆಗೆ ಇಳಿಯುವ ಕುರಿಮಂದೆಯನ್ನು ಗೊಬ್ಬರಕ್ಕಾಗಿ ಹೊಲದಲ್ಲಿ ನಿಲ್ಲಿಸಿಕೊಳ್ಳುವ ರೂಢಿ ಇಂದಿಗೂ ಇದೆ. ಆ ಕುರಿಯೂ ಕೊನೆಗೆ ಮಾಂಸವಾಗುತ್ತದೆ, ನಿಜ. ಇದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅದು ಮೇಯುತ್ತಾ ಬದುಕಿದ ಬದುಕಿಗೂ ಮಿಂಕ್‌ನ ಪಂಜರಕ್ಕೂ ಹೋಲಿಕೆಯಿಲ್ಲ.

ಕಂಬಳಿಯನ್ನು ಮೂಲೆಗೆ ತಳ್ಳಿದ್ದು ದಯೆಯಲ್ಲ. ರಸ್ತೆ ಬದಿಯ ಆ ಅಗ್ಗದ ಹೊದಿಕೆ. ಉಣ್ಣೆಗೆ ಬೆಲೆ ಸಿಗದೆ ಮಾಂಸದ ತಳಿಗಳತ್ತ ವಾಲಿದ ಕುರಿಗಾಹಿಗಳು ಅನೇಕ. ಪಾಲಿಯೆಸ್ಟರ್ ಪ್ರಾಣಿಯನ್ನು ಕೊಲ್ಲುವುದಿಲ್ಲವೆನ್ನುವಂತೆಯೂ ಇಲ್ಲ. ಪ್ರತಿ ಒಗೆತದಲ್ಲಿ ಅದು ಬಿಡುವ ಸೂಕ್ಷ್ಮ ಎಳೆಗಳು ಚರಂಡಿಯಿಂದ ಕೆರೆ, ನದಿ ಸೇರಿ ಮೀನಿನ ಹೊಟ್ಟೆಯಲ್ಲಿ ಸಿಗುತ್ತಿವೆ.

ಕೊನೆಗೂ ಬರಲೇಬೇಕಾದ ವಿಷಯ ರೇಷ್ಮೆ. ದೇಶದಲ್ಲಿ ಅತಿ ಹೆಚ್ಚು ಕಚ್ಚಾ ರೇಷ್ಮೆ ಉತ್ಪಾದಿಸುವ ರಾಜ್ಯ ನಮ್ಮದು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಸ್ಥಾಪಿಸಿದ ಕಾರ್ಖಾನೆಯ ಸೀರೆಗಾಗಿ ಇಂದಿಗೂ ಸಾಲು ನಿಲ್ಲುತ್ತಾರೆ. ಒಂದು ಕಿಲೋ ರೇಷ್ಮೆಗೆ ಆರೇಳು ಕಿಲೋ ಗೂಡು, ಅಂದರೆ ಮೂರು ನಾಲ್ಕು ಸಾವಿರ ಹುಳು ಬೇಕು. ಚಿಟ್ಟೆ ಗೂಡು ಕೊರೆದು ಹೊರಬಂದರೆ ನೂರಾರು ಮೀಟರ್ ಉದ್ದದ ಅಖಂಡ ಎಳೆ ತುಂಡಾಗುತ್ತದೆ. ಆದ್ದರಿಂದ ಹಬೆಯಲ್ಲಿ ಅಥವಾ ಬಿಸಿಗಾಳಿಯಲ್ಲಿ ಹುಳುವನ್ನು ಗೂಡಿನೊಳಗೇ ಕೊಲ್ಲುತ್ತಾರೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಮನುಷ್ಯನನ್ನು ಬಿಟ್ಟು ಉಳಿದೆಲ್ಲ ಜೀವಿಗಳನ್ನೂ ‘ಪ್ರಾಣಿ’ ಎಂದೇ ಕರೆಯುತ್ತದೆ. ಆ ಕಾಯ್ದೆಗಾಗಿ ರಾಜ್ಯಸಭೆಯಲ್ಲಿ ದನಿಯೆತ್ತಿದ, ಪ್ರಾಣಿ ಕಲ್ಯಾಣ ಮಂಡಳಿಯ ಮೊದಲ ಅಧ್ಯಕ್ಷೆಯಾದ ರುಕ್ಮಿಣಿದೇವಿ ಅರುಂಡೇಲ್ ಅವರು, ತಾವು ಕಟ್ಟಿದ ಕಲಾಕ್ಷೇತ್ರದಲ್ಲಿ ರೇಷ್ಮೆ ಸೀರೆಯ ನೇಯ್ಗೆಗೂ ಮರುಜೀವ ಕೊಟ್ಟವರು. ಇದನ್ನು ಅವರ ಕುಂದೆಂದು ಹೇಳುತ್ತಿಲ್ಲ. ಪ್ರಶ್ನೆ ಎಷ್ಟು ಬಿಗಿಯಾದದ್ದೆಂದು ತೋರಿಸಲು ಹೇಳಿದ್ದು.

ಚಿಟ್ಟೆ ಹಾರಿಹೋದ ಮೇಲೆ ಉಳಿದ ಗೂಡಿನಿಂದ ನೂತು ನೇಯುವ ‘ಅಹಿಂಸಾ ರೇಷ್ಮೆ’ಯನ್ನು ಹೈದರಾಬಾದಿನ ಕುಸುಮ ರಾಜಯ್ಯ ಅವರು 1990ರ ದಶಕದಿಂದಲೂ ಪ್ರಚುರಪಡಿಸಿದ್ದಾರೆ. ಅದಕ್ಕೆ ಹೊಳಪು ಕಡಿಮೆ, ಬೆಲೆ ಹೆಚ್ಚು. ರಾಮನಗರದ ಮಾರುಕಟ್ಟೆಗೆ ಗೂಡು ತರುವ ಸಣ್ಣ ರೈತ ಈ ಲೆಕ್ಕಕ್ಕೆ ಒಗ್ಗಬೇಕಾದರೆ ಕೊಳ್ಳುವವರು ಹೆಚ್ಚಿನ ಬೆಲೆ ತೆರಬೇಕು. ತೆರುವರೇ ಎಂದು ತಿಳಿಯುವ ದಾರಿ ಸದ್ಯಕ್ಕೆ ಅಂಗಡಿಯಲ್ಲಿಲ್ಲ. ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ಜಾರಿಗೆ ತಂದ ‘ಸಿಲ್ಕ್ ಮಾರ್ಕ್’ ಚೀಟಿ, ಸೀರೆ ಅಪ್ಪಟ ರೇಷ್ಮೆಯೋ ಅಲ್ಲವೋ ಎಂಬುದನ್ನಷ್ಟೇ ಹೇಳುತ್ತದೆ. ಹುಳು ಸತ್ತಿತೋ, ಹಾರಿಹೋಯಿತೋ ಎಂದು ಹೇಳುವ ಎರಡನೆಯ ಚೀಟಿಯೊಂದನ್ನು ಅದೇ ಮಂಡಳಿ ತರಬಹುದು. ಅದರ ಕೇಂದ್ರ ಕಚೇರಿ ಇರುವುದು ಬೆಂಗಳೂರಿನಲ್ಲಿಯೇ.