ಹಳಿಯ ಪಕ್ಕದ ಮದ್ದಿನಮನೆ

ರೈಲಿನ ಮಾದರಿ ಮಾಡುವಾಗ ಹಿಂಬದಿಗೆ ಥರ್ಮಾಕೋಲ್ ಕಟ್ಟಡ ಅಂಟಿಸುತ್ತೇವೆ. ಅದು ಯಾವ ಊರಿನದೆಂದು ಯಾರಿಗೂ ಗೊತ್ತಾಗದು. ಶ್ರೀರಂಗಪಟ್ಟಣದ ಹಳಿ ಎಂದರೆ ಪಕ್ಕದಲ್ಲಿ ಟಿಪ್ಪು ಕಾಲದ ಮದ್ದಿನಮನೆ ಇರಲೇಬೇಕು. ನಮ್ಮ ಮನೆಮಾತಿನಲ್ಲಿ ಅದು ಬಾರೂದ್‌ಖಾನಾ. ಜೋಡಿಹಳಿಗಾಗಿ 2017ರಲ್ಲಿ ಅದನ್ನು ಒಡೆಯದೆ, ಇಡಿಯಾಗಿ ಎತ್ತಿ 100 ಮೀಟರ್‌ಗೂ ಹೆಚ್ಚು ದೂರ ಸರಿಸಿದರು.

ಇದನ್ನು ಮರದ ಚೂರುಗಳಲ್ಲೇ ಮಾಡಬಹುದು. ಬಡಗಿಗಳ ಅಂಗಡಿಯಲ್ಲಿ ಪ್ಲೈವುಡ್, ರೀಪರ್ ತುಂಡುಗಳು ಒಲೆಗೆ ಹೋಗುತ್ತವೆ, ಕೇಳಿದರೆ ಕೊಡುತ್ತಾರೆ. ಖರ್ಚು ಫೆವಿಕಾಲ್‌ಗೆ ಮಾತ್ರ. ಹಿನ್ನೆಲೆಯ ಕಟ್ಟಡಕ್ಕೆ 2 ಸೆಂ.ಮೀ. ದಪ್ಪದ ಮುಂಗೋಡೆಯಷ್ಟೇ ಸಾಕು. 1:87 ಅಳತೆಯಲ್ಲಿ 10 ಮೀಟರ್ ಗೋಡೆ ಹನ್ನೊಂದೂವರೆ ಸೆಂ.ಮೀ. ಆಗುತ್ತದೆ.

ಪಾಂಡವಪುರದ ಗೆಳೆಯರು ತಮ್ಮ ನಿಲ್ದಾಣವನ್ನು, ಕೆ.ಆರ್. ಪೇಟೆಯವರು ಅಕ್ಕಿಹೆಬ್ಬಾಳನ್ನು ಮಾಡಲಿ. ನಿಜವಾದ ಮದ್ದಿನಮನೆಯನ್ನು ಅಷ್ಟು ಕಷ್ಟಪಟ್ಟು ಉಳಿಸಿದ್ದಾರೆ. ಮಾದರಿಯಲ್ಲಿ ನಾವೇ ಅದನ್ನು ಅಳಿಸುವುದು ಸರಿಯಲ್ಲ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ