ಥ್ಯಾಂಕ್ಸ್ ಹೇಳಿದರಷ್ಟೇ ಸಾಲದು

ನವೆಂಬರ್‌ನ ನಾಲ್ಕನೇ ಗುರುವಾರ ಹತ್ತಿರ ಬಂತೆಂದರೆ ಅಮೆರಿಕದ ಕ್ಯಾಂಪಸ್‌ಗಳು ಬಿಕೋ ಎನ್ನುತ್ತವೆ. ಅಲ್ಲಿನ ಹುಡುಗರು ಮನೆಗೆ ಹೊರಟಿರುತ್ತಾರೆ. ಹಾಸ್ಟೆಲ್‌ನಲ್ಲಿ ಉಳಿಯುವವರು ನಮ್ಮಂಥ ವಿದೇಶಿ ವಿದ್ಯಾರ್ಥಿಗಳು. ಅಂದು ‘ಥ್ಯಾಂಕ್ಸ್‌ಗಿವಿಂಗ್’, ಕೃತಜ್ಞತೆ ಹೇಳುವ ಹಬ್ಬ. ದಾವಣಗೆರೆಯಿಂದ ಎಂ.ಎಸ್. ಮಾಡಲು ಬಂದ ನನಗೆ ಮೊದಲ ವರ್ಷ ಅದು ಬರೀ ರಜೆಯಾಗಿತ್ತು. ಈಗ ಅದು ನನ್ನದೂ ಹಬ್ಬ.

ನಾವು ಕೃತಜ್ಞತೆ ಇಲ್ಲದವರೇನಲ್ಲ. ಸಂಕ್ರಾಂತಿಗೆ ದನಕರುಗಳ ಮೈ ತೊಳೆದು ಸಿಂಗರಿಸುತ್ತೇವೆ. ಆಯುಧಪೂಜೆಗೆ ಸ್ಕೂಟರಿಗೂ ಕುಂಕುಮ ಹಚ್ಚುತ್ತೇವೆ. ಆದರೆ ಸಾಲ ಮಾಡಿ ಆ ಸ್ಕೂಟರ್ ಕೊಡಿಸಿದ ಅಪ್ಪನಿಗೆ ಬಾಯಿಬಿಟ್ಟು ಒಂದು ಮಾತು ಹೇಳುವುದಿಲ್ಲ. ಹೇಳಿದರೆ ‘ಏನೋ ಇದು ಹೊಸದಾಗಿ’ ಎಂದು ಅವರೇ ನಗುತ್ತಾರೆ. ಮನೆಯವರಿಗೆ ಥ್ಯಾಂಕ್ಸ್ ಹೇಳುವುದೆಂದರೆ ಅವರನ್ನು ಹೊರಗಿನವರನ್ನಾಗಿ ಮಾಡಿದಂತೆ ಎಂಬ ಭಾವನೆ ನಮ್ಮದು.

ಕಳೆದ ವರ್ಷ ಕ್ಯಾಂಪಸ್ ಪಕ್ಕದ ವಯಸ್ಸಾದ ದಂಪತಿ ನಮ್ಮನ್ನು ಊಟಕ್ಕೆ ಕರೆದಿದ್ದರು. ಮೇಜಿನ ಮೇಲೆ ಟರ್ಕಿ ಕೋಳಿ, ಕುಂಬಳಕಾಯಿ ಪೈ. ಅವುಗಳ ಪಕ್ಕದಲ್ಲೇ ನಾನು ಒಯ್ದ ಚಿತ್ರಾನ್ನಕ್ಕೂ ಜಾಗ ಸಿಕ್ಕಿತು. ಊಟಕ್ಕೆ ಮೊದಲು ಒಬ್ಬೊಬ್ಬರೂ ತಾವು ಯಾರಿಗೆ, ಯಾತಕ್ಕೆ ಋಣಿ ಎಂದು ಹೇಳಬೇಕಿತ್ತು. ನೀನು ಯಾವ ದೇವರ ಭಕ್ತ, ಯಾವ ದೇಶದವನು ಎಂದು ಯಾರೂ ಕೇಳಲಿಲ್ಲ. ಆ ರಾತ್ರಿ ಅಪ್ಪನಿಗೆ ಫೋನ್ ಮಾಡಿ, ಹೇಳದೇ ಉಳಿದಿದ್ದ ಮಾತನ್ನು ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇರಲಿಲ್ಲ.

ಆದರೆ ಈ ಹಬ್ಬವನ್ನು ಪ್ರೀತಿಸಲು ಅದರ ಇತಿಹಾಸವೂ ಗೊತ್ತಿರಬೇಕು. 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಬಂದ 102 ಮಂದಿ ಇಂಗ್ಲಿಷರಲ್ಲಿ ಸುಮಾರು ಅರ್ಧದಷ್ಟು ಜನ ಮೊದಲ ಚಳಿಗಾಲದಲ್ಲೇ ಸತ್ತರು. ಉಳಿದವರಿಗೆ ಜೋಳ ಬಿತ್ತುವುದನ್ನು ಕಲಿಸಿದವರು ಸ್ಥಳೀಯ ಮೂಲನಿವಾಸಿಗಳು. 1621ರ ಸುಗ್ಗಿಯಲ್ಲಿ ಪ್ಲಿಮತ್‌ನಲ್ಲಿ ವಾಂಪನೋಗ್ ಜನರೂ ವಲಸಿಗರೂ ಮೂರು ದಿನ ಒಟ್ಟಿಗೆ ಉಂಡರು. ಆಗ ವಾಂಪನೋಗ್ ನಾಯಕನಾಗಿದ್ದವನು ಮಸಾಸೊಯಿಟ್. 1675ರಲ್ಲಿ ಅವನ ಮಗ ಮೆಟಾಕಾಮ್ ಅದೇ ವಲಸಿಗರ ವಿರುದ್ಧ ಯುದ್ಧಕ್ಕಿಳಿಯಬೇಕಾಯಿತು. ಮರುವರ್ಷ ಅವನ ಹತ್ಯೆಯಾಯಿತು. 1863ರಲ್ಲಿ ಅಧ್ಯಕ್ಷ ಲಿಂಕನ್ ಇದನ್ನು ರಾಷ್ಟ್ರೀಯ ಆಚರಣೆಯಾಗಿ ಘೋಷಿಸಿದರು. ಆದರೆ 1970ರಿಂದ ಮೂಲನಿವಾಸಿಗಳು ಇದೇ ದಿನ ಪ್ಲಿಮತ್‌ನಲ್ಲಿ ಸೇರಿ ‘ರಾಷ್ಟ್ರೀಯ ಶೋಕ ದಿನ’ ಆಚರಿಸುತ್ತಾರೆ.

‘ಉಂಡ ಮನೆಯ ಜಂತೆ ಎಣಿಸಬಾರದು’ ಎನ್ನುತ್ತದೆ ನಮ್ಮ ಗಾದೆ. ಇಲ್ಲಿ ಉಂಡವರು ಜಂತೆ ಎಣಿಸಿದ್ದಷ್ಟೇ ಅಲ್ಲ, ಮನೆಯನ್ನೇ ತಮ್ಮದು ಮಾಡಿಕೊಂಡರು. ಹಾಗಾಗಿ ಮೇಜಿನ ಮುಂದೆ ಕೂತು ಥ್ಯಾಂಕ್ಸ್ ಹೇಳುವುದು ದೊಡ್ಡ ಮಾತಲ್ಲ. ಉಂಡೆದ್ದ ಮೇಲೆ ಹೇಗೆ ನಡೆದುಕೊಳ್ಳುತ್ತೇವೆ ಎಂಬುದೇ ಮುಖ್ಯ.

ಈ ಮಾತು ವಲಸೆ ಬಂದವರಿಗೆ ಮಾತ್ರವಲ್ಲ, ಓದಿಗೆ, ಕೆಲಸಕ್ಕೆ ಊರು ಬಿಟ್ಟ ಎಲ್ಲರಿಗೂ ಅನ್ವಯಿಸುತ್ತದೆ. ನಾನು ಇಲ್ಲಿ ಇಳಿದಾಗ ಮಲಗಲು ಜಾಗ ಕೊಟ್ಟವರು ಮುಖಪರಿಚಯವೂ ಇಲ್ಲದ ಸೀನಿಯರ್‌ಗಳು. ಬೆಂಗಳೂರಿನ ಪಿ.ಜಿ.ಯಲ್ಲಿ ಕೂತು ಕೆಲಸ ಹುಡುಕುವವರಿಗೂ ರೆಸ್ಯೂಮೆ ತಿದ್ದಿಕೊಟ್ಟವರು, ರೆಫರಲ್ ಕೊಟ್ಟವರು ಯಾರೋ ಇದ್ದೇ ಇರುತ್ತಾರೆ. ಆಫರ್ ಲೆಟರ್ ಬಂದ ದಿನ ‘ಎಲ್ಲರಿಗೂ ಧನ್ಯವಾದ’ ಎಂದು ಸ್ಟೇಟಸ್ ಹಾಕುತ್ತೇವೆ. ತಿಂಗಳು ಕಳೆಯುವಷ್ಟರಲ್ಲಿ, ‘ಅಣ್ಣಾ, ಒಂದು ರೆಫರಲ್ ಸಿಗುತ್ತಾ?’ ಎಂಬ ಜೂನಿಯರ್‌ನ ಮೆಸೇಜು ಇನ್‌ಬಾಕ್ಸ್‌ನಲ್ಲಿ ಕೊಳೆಯುತ್ತಿರುತ್ತದೆ.

ನಮಗೆ ನೆರವಾದವರ ಋಣವನ್ನು ಅವರಿಗೇ ತೀರಿಸುವುದು ಎಷ್ಟೋ ಸಲ ಸಾಧ್ಯವಾಗುವುದಿಲ್ಲ. ಅವರಿಗೆ ನಮ್ಮಿಂದ ಆಗಬೇಕಾದದ್ದೂ ಏನಿರುವುದಿಲ್ಲ. ನಮ್ಮ ಹಿಂದೆ ಬರುವವರಿಗೆ ಬಾಗಿಲು ತೆರೆದಿಡುವುದೇ ಅದನ್ನು ತೀರಿಸುವ ದಾರಿ. ಅದಕ್ಕೆ ನವೆಂಬರ್ ಬರಬೇಕಿಲ್ಲ, ಟರ್ಕಿಯೂ ಬೇಕಿಲ್ಲ. ಆ ಜೂನಿಯರ್‌ನ ಮೆಸೇಜಿಗೆ ಇವತ್ತೇ ಉತ್ತರಿಸಿದರೆ ಸಾಕು.