ಚಾರ್ಜಿಂಗ್ ಹಚ್ಚೋರು ಯಾರು?

ನಾ ಅಮೆರಿಕಾದಿಂದ ಬಂದು ಒಂದು ತಿಂಗಳಾತು. ಬಂದಾಗಿಂದ ಕೂಸು ಹೆಂಗದ ಅಂತ ಕೇಳಿದವರು ಕಡಿಮಿ, “ಅಳಿಯಂದ್ರು ಆ ದೊಡ್ಡ ಗಾಡಿ ತಗೊಂಡ್ರೇನು?” ಅಂತ ಕೇಳಿದವರೇ ಹೆಚ್ಚು. ಮೊನ್ನೆ ಅರಿಶಿನ ಕುಂಕುಮಕ್ಕ ಹೋದಾಗ ನಮ್ಮ ವೈನಿನೂ ಅದನ್ನ ಕೇಳಿದ್ರು. ಅವರ ಮಗನೂ ಬೆಂಗಳೂರಾಗ ಅಂಥಾದ್ದೇ ಒಂದು ನೋಡ್ಲಿಕ್ಕೆ ಹತ್ಯಾನಂತ. ಒಬ್ಬೊಬ್ಬರಿಗೆ ಹೇಳೋದಕ್ಕಿಂತ ಇಲ್ಲೇ ಬರದುಬಿಟ್ರ ಎಲ್ಲಾರಿಗೂ ಮುಟ್ಟತದ.

ಮೊದಲ ಗಾಡಿ ಎಂಥಾದ್ದು ಅಂತ ಹೇಳ್ತೀನಿ. ಸಾದಾ ಹೈಬ್ರಿಡ್ ಅಂದ್ರ ಪೆಟ್ರೋಲ್ ಗಾಡಿನೇ. ಅದರಾಗ ಸಣ್ಣದೊಂದು ಬ್ಯಾಟರಿ ಇರತದ, ಎಂಜಿನ್ ನಡದಾಗ, ಬ್ರೇಕ್ ಹಾಕಿದಾಗ ತಾನೇ ತುಂಬಿಕೋತದ. ನಾವೇನೂ ಹಚ್ಚಬೇಕಿಲ್ಲ. ಪ್ಲಗ್-ಇನ್ ಹೈಬ್ರಿಡ್ ಅಂದ್ರ ಪೆಟ್ರೋಲ್ ಎಂಜಿನ್ನೂ ಇರತದ, ಅದರ ಜೋಡಿ ಅದಕ್ಕಿಂತ ದೊಡ್ಡ ಬ್ಯಾಟರಿನೂ ಇರತದ. ಆ ಬ್ಯಾಟರಿಗೆ ಮನ್ಯಾಗ ವಾಯರ್ ಹಚ್ಚಿ ಕರೆಂಟ್ ತುಂಬಬೇಕು. ಮೊದಲ ಒಂದಿಷ್ಟು ದೂರ ಬರೇ ಕರೆಂಟಿನ ಮ್ಯಾಲೆ ಹೋಗತದ, ಅದು ತೀರಿದ ಮ್ಯಾಲೆ ಪೆಟ್ರೋಲ್ ಸುರು. ಒಂದ ಅಡಗಿ ಮನ್ಯಾಗ ಗ್ಯಾಸಿನ ಒಲಿ, ಕಟಗಿ ಒಲಿ ಎರಡೂ ಇಟ್ಟಂಗ.

ಅಳಿಯಂದ್ರ ಮನಸ್ಸಿನಾಗ ಇದ್ದದ್ದು ವೋಲ್ವೋ ಎಕ್ಸ್‌ಸಿ 90, ಟಿ 8 ಅನ್ನೋ ಮಾಡೆಲ್. ಗಾಡಿ ಭಾರಿ ಛಲೋ ಅದ, ಸುಳ್ಳ್ಯಾಕ ಹೇಳಲಿ. ಏಳು ಮಂದಿ ಕೂಡಬಹುದು. ಶೋರೂಮಿನವರು ಒಂದು ಸುತ್ತು ಹೊಡಿಸಿದಾಗ ಸಪ್ಪಳನೇ ಇರಲಿಲ್ಲ, ಕೂಸು ತೊಟ್ಟಲಾಗ ಮಲಗಿದಂಗ ಮಲಗಿತ್ತು. ಆದ್ರ ಬೆಲಿ ಎಪ್ಪತ್ತು ಸಾವಿರ ಡಾಲರ್ ದಾಟತದ. ನಮ್ಮವರು ಅಲ್ಲೆ ಭಾಳ ತಗೊಳ್ಳೋ ಟೊಯೋಟಾ ಸಿಯೆನ್ನಾ ಸಾದಾ ಹೈಬ್ರಿಡ್. ಅದರಾಗೂ ಏಳೆಂಟು ಮಂದಿ ಕೂಡತಾರ, ಬೆಲಿ ನಲವತ್ತು ಸಾವಿರದ ಸುತ್ತಮುತ್ತ.

“ಅತ್ತೀ, ಪೆಟ್ರೋಲಿನಾಗ ಉಳಿತಾಯ ಆಗತದರಿ” ಅಂದ್ರು ಅಳಿಯಂದ್ರು. ನಾ ಮೂವತ್ತು ವರ್ಷ ಮನಿ ಲೆಕ್ಕದ ಪುಸ್ತಕ ಬರದಾಕಿ. ಕೂಸು ಮಲಗಿದ ಮ್ಯಾಲೆ ಒಂದು ಹಾಳಿ ತಗೊಂಡು ಕೂತೆ.

ಆ ವೋಲ್ವೋದಾಗ 18.8 ಯೂನಿಟ್ಟಿನ ಬ್ಯಾಟರಿ. ತುಂಬಿದ್ರ 32 ಮೈಲಿ ಆಸುಪಾಸು ಹೋಗತದ, ಅಂದ್ರ ನಮ್ಮ 51 ಕಿಲೋಮೀಟರ್. ಧಾರವಾಡದಿಂದ ಹುಬ್ಬಳ್ಳಿಗೆ ಹೋಗಿ ತಿರುಗಿ ಬರೋವಷ್ಟು ಅಂತ ತಿಳೀರಿ. ಒಂದು ಸಲ ತುಂಬಲಿಕ್ಕೆ ಗ್ವಾಡ್ಯಾಗಿಂದ ಹತ್ರ ಹತ್ರ 18 ಯೂನಿಟ್ ಎಳಕೋತದ. ಮಗಳ ಮನಿ ಪೆನ್ಸಿಲ್ವೇನಿಯಾದಾಗ, ಫಿಲಡೆಲ್ಫಿಯಾ ಊರ ಹೊರಗ. ಅವರ ಕರೆಂಟ್ ಬಿಲ್ಲಿನಾಗ ಎಲ್ಲಾ ಕೂಡಿಸಿ ಯೂನಿಟ್ಟಿಗೆ 20 ಸೆಂಟ್ ಬಿದ್ದಿತ್ತು. ಅಂದ್ರ 32 ಮೈಲಿಗೆ 3 ಡಾಲರ್ 60 ಸೆಂಟ್. ಅದೇ ಗಾಡಿ ಬ್ಯಾಟರಿ ಇಲ್ಲದ ಬರೇ ಪೆಟ್ರೋಲಿನ ಮ್ಯಾಲೆ ಗ್ಯಾಲನ್ನಿಗೆ 27 ಮೈಲಿ ಕೊಡತದ. ಆ ವಾರ ಗ್ಯಾಲನ್ನಿಗೆ 3 ಡಾಲರ್ 20 ಸೆಂಟ್ ಇತ್ತು. ಲೆಕ್ಕ ಹಾಕಿದ್ರ 3 ಡಾಲರ್ 80 ಸೆಂಟ್. ರಾತ್ರಿಯಿಡೀ ಚಾರ್ಜಿಂಗ್ ಹಚ್ಚಿ ಉಳದದ್ದು 20 ಸೆಂಟ್! ಇನ್ನ ಸಿಯೆನ್ನಾ ಗ್ಯಾಲನ್ನಿಗೆ 36 ಮೈಲಿ. ಅದೇ ದೂರಕ್ಕ 2 ಡಾಲರ್ 85 ಸೆಂಟ್ ಸಾಕು. ಏನೂ ಹಚ್ಚದ ಗಾಡಿನೇ ಸೋವಿ ಬಿತ್ತು. ಮೂರು ಸಲ ಕೂಡಿಸಿ ನೋಡಿದೆ, ಅಷ್ಟೇ ಬಂತು.

ಇನ್ನ ದೂರದ ಪ್ರಯಾಣ. ನಾವು ಪಿಟ್ಸ್‌ಬರ್ಗಿನ ವೆಂಕಟೇಶ್ವರ ಗುಡಿಗೆ ಹೋಗಿದ್ವಿ, ಒಂದು ಕಡೆಗೇ 270 ಮೈಲಿ ಮ್ಯಾಲೆ ಆಗತದ. ಅದರಾಗ ಕರೆಂಟಿನ 32 ಮೈಲಿ ಎಲ್ಲಿ ಸಾಕು? ಉಳದ ದಾರಿಯೆಲ್ಲಾ ಖಾಲಿ ಬ್ಯಾಟರಿ ಹೊತಗೊಂಡು ಪೆಟ್ರೋಲ್ ಸುಡೋದು. ಥಂಡ್ಯಾಗ ಬ್ಯಾಟರಿ ಆ 32 ಮೈಲಿನೂ ಕೊಡಂಗಿಲ್ಲ.

ಇದೆಲ್ಲಾ ರೊಕ್ಕದ ಮಾತಾತು. ನಾ ಅಳಿಯಂದ್ರಿಗೆ ಕೇಳಿದ್ದು ಬ್ಯಾರೆ. “ದಿನಾ ರಾತ್ರಿ ಚಾರ್ಜಿಂಗ್ ಹಚ್ಚೋರು ಯಾರು?”

ಅವರ ಗ್ಯಾರೇಜಿನಾಗ ಡಬ್ಬಿಗಳು, ಕೂಸಿನ ಸಾಮಾನು. ಗಾಡಿ ನಿಲ್ಲೋದು ಹೊರಗ. ಸಾದಾ ಪ್ಲಗ್ಗಿಗೆ ಹಚ್ಚಿದ್ರ ತುಂಬಲಿಕ್ಕೆ ರಾತ್ರಿಯಿಡೀ ಬೇಕು. ಅಳಿಯಂದ್ರು ಆಫೀಸಿನಿಂದ ಬರೋದರಾಗ ಕತ್ತಲಿ, ಬಂದ ಮ್ಯಾಲೂ ಫೋನಿನಾಗ ಮೀಟಿಂಗ್. ಅಂದ ಮ್ಯಾಲೆ ಬರ್ಫದಾಗ ಕೂಸು ಬಗಲಾಗ ಇಟಗೊಂಡು ಹೊರಗ ಹೋಗಿ ವಾಯರ್ ಹಚ್ಚಾಕಿ ನನ್ನ ಮಗಳು. ಅದನ್ನ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಇಬ್ಬರೂ ಸುಮ್ಮನ ಕೂತ್ರು.

ಇದು ನಮ್ಮ ಮನಿದಷ್ಟೇ ಮಾತಲ್ಲ. ಯುರೋಪಿಯನ್ ಕಮಿಷನ್‌ನವರು 2021ರಾಗ ನೋಂದಣಿಯಾದ ಗಾಡಿಗಳ ಒಳಗಿನ ಮೀಟರಿನಿಂದಲೇ ಲೆಕ್ಕ ತಗಸಿ 2024ರ ಮಾರ್ಚಿನಾಗ ಹೇಳ್ಯಾರ: ಪ್ಲಗ್-ಇನ್ ಹೈಬ್ರಿಡ್ ಗಾಡಿಗಳು ಪರೀಕ್ಷಾದಾಗ ತೋರಿಸಿದ್ದಕ್ಕಿಂತ ರಸ್ತೆ ಮ್ಯಾಲೆ ಸರಾಸರಿ ಮೂರೂವರಿ ಪಟ್ಟು ಹೆಚ್ಚು ಇಂಗಾಲದ ಹೊಗಿ ಬಿಡ್ತಾವ. ಯಾಕಂದ್ರ ಪರೀಕ್ಷಾ ಮಾಡೋರು ಮಂದಿ ಆಗಾಗ ಚಾರ್ಜಿಂಗ್ ಹಚ್ಚತಾರ ಅಂತ ಹಿಡದು ಲೆಕ್ಕ ಹಾಕ್ತಾರ, ಮಂದಿ ಅಷ್ಟು ಹಚ್ಚಂಗಿಲ್ಲ. 2022ರಾಗ ಬಂದ ಇನ್ನೊಂದು ಯುರೋಪಿನ ಅಧ್ಯಯನದಾಗ ಸ್ವಂತ ಗಾಡಿಗಳು ಹೇಳಿದ್ದರ ಸುಮಾರು ಮೂರು ಪಟ್ಟು ಪೆಟ್ರೋಲ್ ಕುಡದಿದ್ವು, ಕಂಪನಿ ಕೊಟ್ಟ ಗಾಡಿಗಳು ಐದು ಪಟ್ಟು. ಪೆಟ್ರೋಲ್ ರೊಕ್ಕ ಮತ್ತೊಬ್ಬರು ಕೊಡೋದಾದ್ರ ವಾಯರ್ ಹಚ್ಚೋ ತ್ರಾಸ ಯಾರು ತಗೋತಾರ? ಮಗಳ ಓಣ್ಯಾಗೇ ಒಬ್ಬರು ಅಂಥಾ ಗಾಡಿ ಇಟ್ಟಾರ. ಅದರ ವಾಯರ್ ಬಂದ ಚೀಲದಾಗೇ ಡಿಕ್ಯಾಗ ಕೂತದ.

ಹಂಗಂತ ಯಾರಿಗೂ ಉಪಯೋಗಿಲ್ಲ ಅಂತಲ್ಲ. ಹಿಂದಿನ ಓಣ್ಯಾಗ ಒಬ್ಬ ರಿಟೈರಾದ ಬಾಯಾರು ಇದ್ರು. ಗ್ಯಾರೇಜ್ ಖಾಲಿ, ಮಾಳಗಿ ಮ್ಯಾಲೆ ಸೋಲಾರ್, ದಿನಾ ಹತ್ತು ಹದಿನೈದು ಮೈಲಿ ಓಡಾಟ. ರಾತ್ರಿ ಬಾಗಲಾ ಹಾಕೋದರ ಜೋಡಿ ವಾಯರ್ ಹಚ್ಚೋದೂ ರೂಢಿ ಆಗಿಬಿಟ್ಟದ. ಪೆಟ್ರೋಲ್ ಬಂಕಿನ ಮಾರಿ ನೋಡೋದೇ ಅಪರೂಪ ಅಂದ್ರು. ಅಂಥವರಿಗೆ ಅದು ಛಲೋನೇ.

ವೈನಿಯವರ ಮಗನ ಮಾತಿಗೆ ಬರ್ತೀನಿ. ನಮ್ಮ ಕಡೆ ಲೆಕ್ಕ ಉಲ್ಟಾ. ಯೂನಿಟ್ಟಿಗೆ ಏಳು ರೂಪಾಯಿ ಹಿಡದ್ರೂ 51 ಕಿಲೋಮೀಟರಿಗೆ 126 ರೂಪಾಯಿ. ಪೆಟ್ರೋಲ್ ಲೀಟರಿಗೆ ನೂರು ದಾಟೇದ, ಅದೇ ದೂರಕ್ಕ 450 ರೂಪಾಯಿ ಹೋಗತದ. ಗೃಹಜ್ಯೋತಿಯ 200 ಯೂನಿಟ್ ಹನ್ನೊಂದೇ ದಿನದಾಗ ಖಲಾಸ್ ಆಗತದ ಅನ್ನೋದು ನೆನಪಿರಲಿ, ಆದ್ರೂ ಉಳಿತಾಯ ಖರೇನೇ. ಆದ್ರ ಗಾಡಿ ಬೆಲಿ ನೋಡ್ರಿ. ಬಿಎಂಡಬ್ಲ್ಯೂ ಎಕ್ಸ್‌ಎಂ 2022ರ ಡಿಸೆಂಬರಿನಾಗ ಭಾರತಕ್ಕ ಬಂದಾಗ 2 ಕೋಟಿ 60 ಲಕ್ಷ. 2025ರ ಸಪ್ಟೆಂಬರ್ 22ರಿಂದ ಇಂಥಾ ದೊಡ್ಡ ಹೈಬ್ರಿಡ್ಡಿಗೆ ಜಿಎಸ್‌ಟಿ 40, ಪೂರ್ತಿ ಕರೆಂಟಿನ ಗಾಡಿಗೆ ಬರೇ 5. ದಿನಕ್ಕ ಮುನ್ನೂರು ರೂಪಾಯಿ ಉಳಸಲಿಕ್ಕೆ ಕೋಟಿ ಸುರಿಯೋದು ಉಳಿತಾಯ ಅಲ್ಲ, ಶೋಕಿ. ಶೋಕಿ ಮಾಡೋ ಶಕ್ತಿ ಇದ್ರ ಮಾಡ್ಲಿ, ನಾ ಬ್ಯಾಡ ಅನ್ನಂಗಿಲ್ಲ. ಉಳಿತಾಯ ಅಂತ ಮಾತ್ರ ಹೇಳೋದು ಬ್ಯಾಡ.

ಕಡೀಕ ನಮ್ಮನ್ಯಾಗ ಏನಾತು? ಅಮೆರಿಕಾದ ಕಾಯ್ದೆ ಪ್ರಕಾರ ಬಾಣಂತಿಗೆ 12 ವಾರ ರಜಾ, ಅದೂ ಪಗಾರ ಇಲ್ಲದ್ದು. ಪಗಾರದ ರಜಾ ಕೆಲವು ರಾಜ್ಯದಾಗ ಅದ, ಅವರ ರಾಜ್ಯದಾಗ ಇಲ್ಲ. ವೋಲ್ವೋ ತಗೊಂಡ್ರ ಕೂಡಿಟ್ಟ ರೊಕ್ಕೆಲ್ಲಾ ಮುಂಗಡಕ್ಕ ಹೋಗತಿತ್ತು, ಮ್ಯಾಲೆ ತಿಂಗಳಾ ದೊಡ್ಡ ಕಂತು. ಮಗಳು ಹದಿಮೂರನೇ ವಾರಕ್ಕ ಕೂಸಿನ್ನ ಡೇಕೇರಿಗೆ ಹಾಕಿ ಹೋಗಬೇಕಿತ್ತು. ನನ್ನ ಹಾಳಿ ನೋಡಿ ಆಕಿ ಅಂದ್ಲು, “ಅಮ್ಮಾ, ಈ ಮೂವತ್ತು ಸಾವಿರ ಡಾಲರಿನಾಗ ನಾ ಎಷ್ಟು ತಿಂಗಳಾ ಮನ್ಯಾಗ ಇರಬಹುದಲ್ಲಾ?” ಅಳಿಯಂದ್ರು ಮರುದಿನ ಏನೂ ಮಾತಾಡಲಿಲ್ಲ. ಅದರ ಮರುದಿನ ತಾವೇ ಸಿಯೆನ್ನಾ ನೋಡ್ಲಿಕ್ಕೆ ಹೋದ್ರು. ಮಗಳು ಆಫೀಸಿನಾಗ ಕೇಳಿ ಇನ್ನ ಮೂರು ತಿಂಗಳಾ ಬಿನ್‌ಪಗಾರಿ ರಜಾ ತಗೊಂಡ್ಲು. ಗಾಡಿ ಆಸೆ ಅವರಿಗಿನ್ನೂ ಪೂರ್ತಿ ಹೋಗಿಲ್ಲ, ಶೋರೂಮ್ ಮುಂದ ಹಾದು ಹೋಗುವಾಗ ಕುತ್ತಿಗಿ ಆ ಕಡೆ ತಿರುಗತದ. ತಿರುಗಲಿ ಬಿಡ್ರಿ.

ನಿಮ್ಮ ಮನ್ಯಾಗೂ ಇಂಥಾ ಮಾತು ಬಂದ್ರ ಒಂದು ಹಾಳಿ ತಗೊಂಡು ನಿಮ್ಮ ಕರೆಂಟ್ ಬಿಲ್ಲು, ನಿಮ್ಮೂರ ಪೆಟ್ರೋಲ್, ದಿನದ ಓಡಾಟ ಮೂರನ್ನೂ ಬರೀರಿ. ಅದಕ್ಕೂ ಮೊದಲ ವಾಯರ್ ಯಾರು ಹಚ್ಚತಾರ ಅಂತ ಕೇಳ್ರಿ. ನನಗೀಗ ಫೋನಿನಾಗ ಕೂಸಿನ ಮಾರಿ ನೋಡೋ ಹೊತ್ತಾತು. ಮೊನ್ನೆಯಿಂದ ಬೋರಲ ಬೀಳಲಿಕ್ಕೆ ಹತ್ಯದಂತ, ಮಗಳು ಮನ್ಯಾಗೇ ಇದ್ದು ನೋಡಿದ್ಲು.